ಸಮುದ್ರ ಎಷ್ಟು ದೂರ, ಬಕೆಟ್ ಎಲ್ಲಿ?

ಹೋದ ತಿಂಗಳು ಈ ಅಂಕಣದಲ್ಲಿ ಗೋವಾ ದಾರಿಯ ಬಗ್ಗೆ ಎರಡು ಸಾಲು ಬರೆದಿದ್ದೇ ತಪ್ಪಾಯಿತು ನೋಡಿ. 'ದಾರಿ ಇರಲಿ, ಉಳಿಯೋದು ಎಲ್ಲಿ ಅದನ್ನ ಹೇಳ್ರಿ' ಅಂತ ಪತ್ರಗಳು ಬಂದು ಬಿದ್ದವು. ಹುಬ್ಬಳ್ಳಿ, ಧಾರವಾಡ, ಗದಗ, ಬ್ಯಾಡಗಿ, ರಾಣೆಬೆನ್ನೂರು, ಎಲ್ಲ ಕಡೆಯಿಂದ. ಹೆಚ್ಚಿನವರದ್ದು ಒಂದೇ ಗೊಂದಲ. ಶನಿವಾರ ರವಿವಾರ ಸಮುದ್ರದ ಕಡೆ ಹೊರಟಿದ್ದೇವೆ, ದೊಡ್ಡ ಹೆಸರಿನ ಚೈನ್ ಹೋಟೆಲ್ (ಒಂದೇ ಹೆಸರಿನಲ್ಲಿ ಊರೂರಲ್ಲಿ ಇರುವಂಥದ್ದು) ಹಿಡಿಯಬೇಕಾ, ಸಣ್ಣದೊಂದು ಸಾಕಾ? ನಾನು ಔಷಧಿ ಕಂಪನಿಯ ಕೆಲಸದಲ್ಲಿ 22 ವರ್ಷ ಊರೂರು ತಿರುಗಿದವನು. ಲಾಡ್ಜಿನ ತಿಗಣೆ ಕೈಲಿ ಕಚ್ಚಿಸಿಕೊಂಡಿದ್ದೇನೆ, ಕಂಪನಿ ಖರ್ಚಿನಲ್ಲಿ ಐದು ಸ್ಟಾರ್ ಹೋಟೆಲಿನ ಗಾದಿಯ ಮೇಲೂ ಮಲಗಿದ್ದೇನೆ. ಗೊತ್ತಿದ್ದಷ್ಟು ಹೇಳುತ್ತೇನೆ.

ಪ್ರಶ್ನೆ: ನಾವು ಆರು ಜನ. ನಾವಿಬ್ಬರು, ಎರಡು ಮಕ್ಕಳು, ಅತ್ತೆ, ಮಾವ. ಗೋವಾದಲ್ಲಿ ಎರಡು ರಾತ್ರಿ ಇರಬೇಕು ಅಂತ ಇದೆ. ನಮ್ಮ ಯಜಮಾನರು ಚೈನ್ ಹೋಟೆಲೇ ಬೇಕು, ಅಲ್ಲಿ ಮೋಸ ಇರೋದಿಲ್ಲ ಅಂತಾರೆ. ನನ್ನ ತಮ್ಮ ಬೀಚಿಗೆ ಹತ್ತಿಕೊಂಡೇ ಇರೋ ಗೆಸ್ಟ್ ಹೌಸ್ ಒಂದನ್ನ ತೋರಿಸ್ತಾನೆ, ಅರ್ಧ ರೇಟು. ಯಾರ ಮಾತು ಕೇಳಲಿ?
– ಗೃಹಿಣಿ, ಗೋಕುಲ ರಸ್ತೆ, ಹುಬ್ಬಳ್ಳಿ

ಉತ್ತರ: ಅಕ್ಕಾವ್ರೆ, ಇಬ್ಬರದೂ ಅರ್ಧರ್ಧ ಸರಿ. ಜಗಳ ಹಚ್ಚುವುದು ಬೇಡ.

ಚೈನ್ ಹೋಟೆಲಿನ ಬೋರ್ಡು ಕೆಲವು ವಿಷಯಕ್ಕೆ ಮಾತ್ರ ಜಾಮೀನು ಕೊಡುತ್ತದೆ. ಚಾದರ ಒಗೆದಿರುತ್ತದೆ. ಬಿಸಿನೀರು ಬರುತ್ತದೆ. ಕರೆಂಟ್ ಹೋದರೆ ಜನರೇಟರ್ ಇದೆ, ಮೇಲೆ ಹತ್ತಲು ಲಿಫ್ಟ್ ಇದೆ, ರಾತ್ರಿ ಎರಡಕ್ಕೆ ಮಾವನವರಿಗೆ ಎದೆ ಹಿಡಿದಂತಾದರೆ ಕೆಳಗೆ ರಿಸೆಪ್ಶನ್ನಿನಲ್ಲಿ ಒಬ್ಬ ಎಚ್ಚರ ಇರುತ್ತಾನೆ. ಈ ಕೊನೆಯದು ಸಣ್ಣ ಮಾತಲ್ಲ. ಆದರೆ ಸಮುದ್ರ ಎಷ್ಟು ಹತ್ತಿರ, ಪಕ್ಕದಲ್ಲಿ ರಾತ್ರಿಯಿಡೀ ಡಿಜೆ ಹಾಕುವ ಅಂಗಡಿ ಇದೆಯಾ, ಸಾರಿನ ರುಚಿ ಹೇಗಿದೆ, ಇದಕ್ಕೆಲ್ಲ ಬೋರ್ಡಿನ ಹತ್ತಿರ ಉತ್ತರ ಇಲ್ಲ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಬೋರ್ಡ್ ಒಬ್ಬರದು, ಕಟ್ಟಡ ಇನ್ನೊಬ್ಬರದು ಆಗಿರುವುದೇ ಜಾಸ್ತಿ. ಜಾಗ, ಕಟ್ಟಡ ಅಲ್ಲಿನ ಯಾರೋ ಸಾಹುಕಾರರದು ಇರುತ್ತದೆ. ಕಂಪನಿಯವರು ಅದನ್ನು ನಡೆಸಿಕೊಡುತ್ತಾರೆ, ಇಲ್ಲವೇ ಹೆಸರನ್ನು ಮಾತ್ರ ಕೊಟ್ಟು ಮಾಲೀಕರೇ ನಡೆಸಿಕೊಳ್ಳಲು ಬಿಡುತ್ತಾರೆ. ಎರಡನೆಯ ಬಗೆಯಲ್ಲಿ ಒಂದೇ ಹೆಸರಿನ ಎರಡು ಹೋಟೆಲು ಎರಡು ತರಹ ಇರಬಹುದು. ಬಸ್ಸಿನ ಮೇಲೆ ಬರೆದ ಹೆಸರು ಒಂದೇ ಇದ್ದರೂ ಡ್ರೈವರ್ ಬೇರೆ ಬೇರೆ ಇರುತ್ತಾರಲ್ಲ, ಹಾಗೆ. ಅದಕ್ಕೇ ನಾನು ಕಂಪನಿಯ ಹೆಸರಿಗೆ ಬಂದ ಹೊಗಳಿಕೆ ಓದುವುದಿಲ್ಲ. ಆ ಊರಿನ ಆ ಕಟ್ಟಡದ ಬಗ್ಗೆ ಕಳೆದ ಎರಡು ಮೂರು ತಿಂಗಳಲ್ಲಿ ಜನ ಬರೆದದ್ದನ್ನು ಓದುತ್ತೇನೆ, ಅದರಲ್ಲೂ ಬೈದಿರುವುದನ್ನು. ಒಬ್ಬ ಬೈದರೆ ಅವನ ಸಿಟ್ಟು ಇರಬಹುದು. 'ಎ.ಸಿ. ನೀರು ಸೋರುತ್ತದೆ' ಅಂತ ನಾಲ್ಕು ಜನ ಬರೆದಿದ್ದರೆ ನಿಮಗೂ ಸೋರುತ್ತದೆ.

ಇನ್ನು ಒಂದೇ ಮನೆತನದಲ್ಲೂ ಅಂತಸ್ತು ಬೇರೆ ಬೇರೆ. ತಾಜ್ ಯಾರದೋ ಜಿಂಜರ್ ಕೂಡ ಅವರದೇ, ಟಾಟಾದವರದು. ಜಿಂಜರ್ ಶುರುವಾಗಿದ್ದೇ ನಮ್ಮ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, 2004ರಲ್ಲಿ, ಕಡಿಮೆ ರೇಟಿಗೆ ಚೊಕ್ಕ ರೂಮು ಕೊಡೋಣ ಅಂತ. ಫಾರ್ಚೂನ್ ಐಟಿಸಿಯವರದು. ಐಬಿಸ್, ನೊವೊಟೆಲ್ ಎರಡೂ ಫ್ರಾನ್ಸಿನ ಅಕೋರ್ ಕಂಪನಿಯವು, ಐಬಿಸ್ ಅಗ್ಗ, ನೊವೊಟೆಲ್ ಅದಕ್ಕಿಂತ ಮೇಲೆ. ಹಾಗಾಗಿ 'ದೊಡ್ಡ ಕಂಪನಿ' ಅಂತ ನಂಬಿ ಹೋಗಿ, ರೂಮಿನಲ್ಲಿ ಸೂಟ್‌ಕೇಸ್ ಬಿಚ್ಚಲೂ ಜಾಗ ಇಲ್ಲ ಅಂತ ಬೇಜಾರಾಗಬೇಡಿ. ಕಡಿಮೆ ಅಂತಸ್ತಿನದ್ದನ್ನು ಕಟ್ಟಿರುವುದು ಒಬ್ಬರೋ ಇಬ್ಬರೋ ಬಂದು ಮಲಗಿ ಎದ್ದು ಹೋಗಲಿ ಅಂತ. ಆರು ಜನರ ಸಂಸಾರಕ್ಕಲ್ಲ.

ಈಗ ಸಮುದ್ರದ ಮಾತು. ನನ್ನದೇ ಕಥೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಮನೆಯವರನ್ನು ಕರೆದುಕೊಂಡು ಕರಾವಳಿಯ ಒಂದು ಹೋಟೆಲಿಗೆ ಹೋಗಿದ್ದೆ, ಹೆಸರು ಬೇಡ, ಕೇಳಿದರೆ ನಿಮಗೂ ಗೊತ್ತಿರುವಂಥದ್ದು. ಸೀ ವ್ಯೂ ಅಂತ ರಾತ್ರಿಗೆ 1,500 ರೂಪಾಯಿ ಜಾಸ್ತಿ ಕೊಟ್ಟಿದ್ದೆ. ಹುಡುಗ ಬ್ಯಾಗ್ ಇಟ್ಟು ಪರದೆ ಸರಿಸಿದ. ಮುಂದೆ ನೀರಿನ ಟ್ಯಾಂಕು, ಅದರಾಚೆ ತೆಂಗಿನ ಮರ, ಅದರಾಚೆ ಇನ್ನೊಂದು ಹೋಟೆಲಿನ ಗೋಡೆ. 'ಸಮುದ್ರ ಎಲ್ಲಪ್ಪಾ?' ಅಂದೆ. ಅವನು ಬಾಲ್ಕನಿಯ ಮೂಲೆಗೆ ಕರೆದುಕೊಂಡು ಹೋಗಿ, ಕಂಬಿ ಹಿಡಿದು ಸ್ವಲ್ಪ ಎಡಕ್ಕೆ ಬಾಗಿ ಅಂದ. ಬಾಗಿದೆ. ಎರಡು ಮರದ ನಡುವೆ ಅಂಗೈ ಅಗಲದ ನೀಲಿ ಕಂಡಿತು. ನಮ್ಮಾಕೆ ಎರಡು ದಿನ ಅದನ್ನೇ ಆಡಿಕೊಂಡಳು, ಯಾರು ಫೋನ್ ಮಾಡಿದರೂ 'ಇವರು ಬಾಗಿ ಸಮುದ್ರ ನೋಡ್ತಿದಾರೆ, ಆಮೇಲೆ ಮಾಡ್ರಿ' ಅನ್ನುವುದು.

ಸೀ ವ್ಯೂ ಅಂದರೆ ಎಲ್ಲಿಂದಲೋ ಕಾಣುತ್ತದೆ ಅಂತ. ಸೀ ಫೇಸಿಂಗ್ ಅಂದರೆ ರೂಮು ಸಮುದ್ರಕ್ಕೆ ಮುಖ ಮಾಡಿದೆ ಅಂತ. ಪಾರ್ಶಿಯಲ್ ಅಂತ ಬರೆದಿದ್ದರೆ ನನ್ನ ಹಾಗೆ ಬಾಗಬೇಕು ಅಂತ. ಬೀಚ್ ರಿಸಾರ್ಟ್ ಅಂತ ಹೆಸರಿಟ್ಟ ಮಾತ್ರಕ್ಕೆ ಉಸುಕಿನ ಮೇಲೆ ಕಾಲಿಟ್ಟಂತೆಯೂ ಅಲ್ಲ. ಇದಕ್ಕೆ ಕಾರಣವೂ ಇದೆ. 1991ರಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ ಬಂದ ಮೇಲೆ, ಊರು ದಟ್ಟವಾಗಿ ಬೆಳೆಯದ ಕಡೆ ಭರತದ ಗೆರೆಯಿಂದ, ಅಂದರೆ ಸಮುದ್ರ ಉಕ್ಕಿದಾಗ ನೀರು ಬಂದು ಮುಟ್ಟುವ ಗೆರೆಯಿಂದ, 200 ಮೀಟರ್ ಒಳಗೆ ಹೊಸದಾಗಿ ಹೋಟೆಲ್ ಕಟ್ಟುವ ಹಾಗಿರಲಿಲ್ಲ. 2019ರಲ್ಲಿ ಜನಸಂಖ್ಯೆ ದಟ್ಟವಾಗಿರುವ ಹಳ್ಳಿಗಳ ಕಡೆ ಅದನ್ನು 50 ಮೀಟರಿಗೆ ಇಳಿಸಿದರು. ಹಾಗಾಗಿ ಈಚೆಗೆ ಕಟ್ಟಿದ ದೊಡ್ಡ ಹೋಟೆಲುಗಳು ಸಹಜವಾಗಿಯೇ ಒಂದಿಷ್ಟು ಹಿಂದೆ ನಿಂತಿರುತ್ತವೆ. ತಮ್ಮ ತೋರಿಸಿದ ಗೆಸ್ಟ್ ಹೌಸು ನೀರಿಗೆ ಅಷ್ಟು ಹತ್ತಿ ಇದೆ ಅಂದರೆ ಅದು ಬಹಳ ಹಳೆಯ ಮನೆ ಇರಬೇಕು, ಇಲ್ಲಾ ಲೈಸೆನ್ಸ್ ಇದೆಯಾ ಅಂತ ಮೆಲ್ಲಗೆ ವಿಚಾರಿಸಬೇಕು.

ಫೋನ್ ಮಾಡಿ ಎರಡೇ ಮಾತು ಕೇಳಿ. ಬೀಚಿಗೆ ನಡೆದು ಎಷ್ಟು ನಿಮಿಷ? ನಡುವೆ ದೊಡ್ಡ ರಸ್ತೆ ದಾಟಬೇಕಾ? 'ಹತ್ತಿರಾನೇ ಮೇಡಂ' ಅಂದರೆ ಒಪ್ಪಬೇಡಿ, ನಿಮಿಷದಲ್ಲಿ ಹೇಳಿಸಿ. ಮ್ಯಾಪಿನಲ್ಲಿ ನೋಡುವುದಾದರೆ ನಡೆಯುವ ದಾರಿ ಹಾಕಿ ನೋಡಿ, ಯಾಕೆಂದರೆ ಗೋವಾದಲ್ಲಿ ನಡುವೆ ಒಂದು ಹೊಳೆಯ ಕವಲು ಬಂದರೆ ಕಣ್ಣಿಗೆ ಕಾಣುವ ಬೀಚಿಗೆ ಮೂರು ಕಿಲೋಮೀಟರ್ ಸುತ್ತಬೇಕಾಗುತ್ತದೆ.

ಕೊನೆಗೆ ಬಚ್ಚಲು. ನಗಬೇಡಿ, ಹಿರಿಯರು ಜೊತೆಗಿದ್ದರೆ ಇದೇ ಮುಖ್ಯ. ಚೈನ್ ಹೋಟೆಲಿನ ಬಚ್ಚಲಲ್ಲಿ ಬಕೆಟ್ ಇರುವುದಿಲ್ಲ, ತಂಬಿಗೆ ಅಂತೂ ಇಲ್ಲವೇ ಇಲ್ಲ. ನಮ್ಮ ಅತ್ತೆ ಗದಗಿನವರು, 74 ವರ್ಷ. ಮೊದಲ ಸಲ ಇಂಥ ಹೋಟೆಲಿಗೆ ಬಂದಾಗ ಶವರಿನ ಹಿಡಿ ತಿರುಗಿಸಿ ತಣ್ಣೀರು ತಲೆ ಮೇಲೆ ಸುರಿದುಕೊಂಡು, ಆಮೇಲೆ ಟೀ ಕಾಯಿಸುವ ಕೆಟಲಿನಲ್ಲಿ ನೀರು ಬಿಸಿ ಮಾಡಿ ಕಸದ ಡಬ್ಬಿ ತೊಳೆದು ಅದಕ್ಕೆ ಹಾಕಿಕೊಂಡು ಜಳಕ ಮುಗಿಸಿದ್ದರು! ನಮಗೆ ಹೇಳಿದ್ದು ಊರಿಗೆ ಬಂದ ಮೇಲೆ. ರೂಮಿಗೆ ಹೋದ ತಕ್ಷಣ ಹೌಸ್‌ಕೀಪಿಂಗಿಗೆ ಫೋನ್ ಮಾಡಿ 'ಬಕೆಟ್, ಮಗ್, ಒಂದು ಸ್ಟೂಲು' ಅಂದರೆ ಹತ್ತು ನಿಮಿಷಕ್ಕೆ ತಂದುಕೊಡುತ್ತಾರೆ, ದುಡ್ಡು ಕೇಳುವುದಿಲ್ಲ. ಟಬ್ ಇರುವ ಬಚ್ಚಲು ಬೇಡ ಅಂತ ಬುಕ್ ಮಾಡುವಾಗಲೇ ಹೇಳಿ. ಅದರ ಅಂಚು ದಾಟಿ ಕಾಲಿಡುವುದು ಮಂಡಿ ನೋವಿನವರಿಗೆ ಸಾಧ್ಯ ಇಲ್ಲ.

ಆದ್ದರಿಂದ ಅತ್ತೆ ಮಾವ ಬರುವುದಾದರೆ ಈ ಸಲ ನಿಮ್ಮ ಯಜಮಾನರ ಮಾತು. ನಡುವೆ ಒಳಬಾಗಿಲು ಇರುವ ಎರಡು ರೂಮು ಕೇಳಿ, ಇಂಟರ್‌ಕನೆಕ್ಟಿಂಗ್ ಅಂತಾರೆ. ನೀವು ನಾಲ್ವರೇ ಹೋಗುವ ದಿನ ತಮ್ಮ ಹೇಳಿದ ಕಡೆ ಹೋಗಿ.

ಪ್ರಶ್ನೆ: ಎರಡು ರೂಮು ನೋಡಿದ್ದೆ. ಒಂದು 7,400, ಇನ್ನೊಂದು 7,600. ಇನ್ನೂರೇ ರೂಪಾಯಿ ಅಲ್ವಾ ಅಂತ ದೊಡ್ಡದನ್ನೇ ಹಿಡಿದೆ. ಬಿಲ್ ನೋಡಿ ತಲೆ ತಿರುಗಿತು. ಎಲ್ಲಿ ಹೋಯಿತು ನನ್ನ ರೊಕ್ಕ?
– ಶಾಲಾ ಶಿಕ್ಷಕಿ, ಬೆಟಗೇರಿ, ಗದಗ

ಉತ್ತರ: ಟೀಚರೇ, ಸರ್ಕಾರಕ್ಕೆ ಹೋಯಿತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5 ಪರ್ಸೆಂಟ್. ಅದಕ್ಕೂ ಮುಂಚೆ 12 ಇತ್ತು. ಆದರೆ 7,500 ದಾಟಿದರೆ 18, ಅದು ಇಳಿದಿಲ್ಲ. ಲೆಕ್ಕ ನೀವೇ ಹಾಕಿ. 7,400ಕ್ಕೆ 5 ಪರ್ಸೆಂಟ್ ಸೇರಿ 7,770. 7,600ಕ್ಕೆ 18 ಸೇರಿ 8,968. ಇನ್ನೂರು ಅಂದುಕೊಂಡಿದ್ದು ರಾತ್ರಿಗೆ 1,198 ಆಯಿತು, ಎರಡು ರಾತ್ರಿಗೆ 2,396. ಗಡಿಯ ಹತ್ತಿರದ ರೇಟು ಕಂಡರೆ ಫೋನ್ ಮಾಡಿ ಸ್ವಲ್ಪ ಇಳಿಸಿ ಅಂತ ಕೇಳಿ. ತೆರಿಗೆ ಬೀಳುವುದು ನಿಮ್ಮಿಂದ ನಿಜವಾಗಿ ತೆಗೆದುಕೊಳ್ಳುವ ರೇಟಿನ ಮೇಲೆ, ಬೋರ್ಡಿನ ಮೇಲೆ ಬರೆದದ್ದರ ಮೇಲಲ್ಲ. ಅವರು ನೂರಿನ್ನೂರು ಬಿಟ್ಟರೆ ನಿಮಗೆ ಸಾವಿರ ಉಳಿಯುತ್ತದೆ.

ಊಟದ ಬಿಲ್ಲಿನಲ್ಲೂ ಇಂಥದ್ದೇ ಒಂದು ಮುಳ್ಳಿದೆ. ಹಿಂದಿನ ಹಣಕಾಸು ವರ್ಷದಲ್ಲಿ ಆ ಹೋಟೆಲಿನ ಯಾವುದೇ ಒಂದು ರೂಮು 7,500 ದಾಟಿದ್ದರೂ ಅಲ್ಲಿನ ರೆಸ್ಟೋರೆಂಟಿನಲ್ಲಿ ಊಟಕ್ಕೆ 18 ಪರ್ಸೆಂಟ್. ನೀವು ಹಿಡಿದ ರೂಮು ನಾಲ್ಕು ಸಾವಿರದ್ದೇ ಇರಲಿ, ನಿಮ್ಮ ಚಹಾಕ್ಕೂ 18. ಹೊರಗಿನ ಸಾದಾ ಹೋಟೆಲಿನಲ್ಲಿ 5. ಸಂಜೆ ಚಪ್ಪಲಿ ಮೆಟ್ಟಿ ಹೊರಗೆ ನಡೆದರೆ ಉಳಿಯಿತಷ್ಟು.

ಸರ್ವೀಸ್ ಚಾರ್ಜ್ ಅಂತ ಬೇರೆ ಹಾಕಿದ್ದರೆ ತೆಗೆಯಿರಿ ಅನ್ನಿ. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಿಟ್ಟು ಮಾಡುವುದು ಬೇಡ. ತರಗತಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರೆ ಸಾಕು, ತೆಗೆಯುತ್ತಾರೆ.

ಬುಕ್ ಮಾಡುವಾಗ ಸಿಪಿ, ಇಪಿ, ಎಂಎಪಿ ಅಂತ ಅಕ್ಷರ ಕಾಣುತ್ತವೆ. ಇಪಿ ಅಂದರೆ ಬರೀ ರೂಮು. ಸಿಪಿ ಅಂದರೆ ಬೆಳಗಿನ ನಾಷ್ಟಾ ಸೇರಿದೆ. ಎಂಎಪಿ ಅಂದರೆ ನಾಷ್ಟಾ ಜೊತೆ ಒಂದು ಹೊತ್ತಿನ ಊಟ. ಎಪಿ ಅಂದರೆ ಮೂರೂ ಹೊತ್ತು. ಚೈನ್ ಹೋಟೆಲಿನಲ್ಲಿ ನಾನು ಸಿಪಿ ಬಿಟ್ಟು ಬೇರೆ ತೆಗೆದುಕೊಂಡಿಲ್ಲ. ಅವರ ಬೆಳಗಿನ ಬಫೆ ಹತ್ತೂವರೆವರೆಗೆ ಇರುತ್ತದೆ, ಹತ್ತಕ್ಕೆ ಕೂತು ಸರಿಯಾಗಿ ತಿಂದರೆ ಮಧ್ಯಾಹ್ನದ ಊಟದ ಚಿಂತೆ ಇಲ್ಲ. ಮಕ್ಕಳ ವಯಸ್ಸನ್ನು ಮಾತ್ರ ಸರಿಯಾಗಿ ಹಾಕಿ. ಐದರ ಒಳಗಿನವರಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಆರರಿಂದ ಹನ್ನೆರಡರವರಿಗೆ ನಾಷ್ಟಾಕ್ಕೋ ಹೆಚ್ಚಿನ ಗಾದಿಗೋ ಬೇರೆ ರೇಟು ಹಾಕುವುದುಂಟು. ಕೌಂಟರಿನಲ್ಲಿ ನಿಂತಾಗ ಇದು ಎದ್ದು ಬರುತ್ತದೆ.

ಪ್ರಶ್ನೆ: ನಮ್ಮದು ಮೆಣಸಿನಕಾಯಿ ವ್ಯಾಪಾರ. ಸೋಮವಾರ ಮಾರ್ಕೆಟ್ ಇರುತ್ತೆ, ರವಿವಾರ ರಾತ್ರಿ ಮನೇಲಿ ಇರಲೇಬೇಕು. ತಂದೆ ತಾಯಿ ಕರ್ಕೊಂಡು ಗೋವಾ ಬಿಟ್ಟು ನಮ್ಮ ಕಡೆಯ ಸಮುದ್ರಕ್ಕೇ ಹೋಗೋಣ ಅಂತಿದೀನಿ. ಗೋಕರ್ಣನೋ ಮುರುಡೇಶ್ವರನೋ? ಅಲ್ಲಿ ಒಳ್ಳೆ ಚೈನ್ ಹೋಟೆಲ್ ಯಾವುದು?
– ಓದುಗರು, ಬ್ಯಾಡಗಿ

ಉತ್ತರ: ಅಣ್ಣಾವ್ರೆ, ಉತ್ತರ ಕನ್ನಡದ ಕರಾವಳಿಯಲ್ಲಿ ಗೋವಾದ ಹಾಗೆ ಸಾಲಾಗಿ ಚೈನ್ ಹೋಟೆಲುಗಳಿಲ್ಲ. ಇರಲಿ ಬಿಡಿ, ಎಲ್ಲ ಊರೂ ಗೋವಾ ಆಗಬೇಕಾಗಿಲ್ಲ.

ಆದರೆ ನಮ್ಮದೇ ಒಂದು ಚೈನ್ ಇದೆಯಲ್ಲ, ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕರ್ನಾಟಕ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳು. ಬಾದಾಮಿಯಲ್ಲಿ ಮಯೂರ ಚಾಲುಕ್ಯ, ವಿಜಯಪುರದಲ್ಲಿ ಮಯೂರ ಆದಿಲ್ ಶಾಹಿ, ಹಂಪಿಗೆ ಹೋದರೆ ಕಮಲಾಪುರದಲ್ಲಿ ಮಯೂರ ಭುವನೇಶ್ವರಿ, ಗೋಕರ್ಣದಲ್ಲಿ ಮಯೂರ ಸಮುದ್ರ. ಮಯೂರದ್ದು ಒಂದೇ ಗುಣ: ಜಾಗ ಬಲು ಚೆನ್ನಾಗಿರುತ್ತದೆ. ಎಲ್ಲರಿಗಿಂತ ಮೊದಲು ಹೋಗಿ ಒಳ್ಳೆಯ ಜಾಗ ಹಿಡಿದವರು ಅವರು. ರೂಮಿನ ವಿಷಯ ಒಂದೊಂದು ಕಡೆ ಒಂದೊಂದು ತರಹ, ನಲ್ಲಿ ಬಿಟ್ಟು ನೋಡಿಯೇ ಬ್ಯಾಗ್ ಬಿಚ್ಚಿ. ಕಾರವಾರದ ದೇವಬಾಗದಲ್ಲಿ ಜಂಗಲ್ ಲಾಡ್ಜಸ್‌ನವರ ರಿಸಾರ್ಟ್ ಇದೆ, ಅದೂ ಸರ್ಕಾರದ್ದೇ, ಊಟ ತಿಂಡಿ ಸೇರಿಸಿ ತಲೆಗೆ ಇಷ್ಟು ಅಂತ ರೇಟು. ಗೋಕರ್ಣದ ಓಂ ಬೀಚಿನ ಹತ್ತಿರ ಸಿಜಿಎಚ್ ಅರ್ಥ್‌ನವರ ಸ್ವಸ್ವರ ಇದೆ, ಕೇರಳದ ಹೋಟೆಲ್ ಬಳಗ. ಅಲ್ಲಿ ಯೋಗ, ಆಯುರ್ವೇದ, ಮೌನ. ರೇಟೂ ಹಾಗೆಯೇ ಇದೆ. ಎರಡು ದಿನ ಓಡಿ ಬರುವವರಿಗೆ ಅಲ್ಲ ಅದು.

ತಂದೆ ತಾಯಿ ಜೊತೆಗಿದ್ದರೆ ನನ್ನ ಓಟು ಮುರುಡೇಶ್ವರಕ್ಕೆ. ಓಂ ಬೀಚು, ಕುಡ್ಲೆ ಬೀಚು ಚಂದ ಇವೆ, ಆದರೆ ಮೆಟ್ಟಿಲು ಇಳಿಯಬೇಕು, ಇಳಿದದ್ದನ್ನು ಹತ್ತಬೇಕು. ಮುರುಡೇಶ್ವರದಲ್ಲಿ ದೇವಸ್ಥಾನ, 123 ಅಡಿಯ ಶಿವ, ಸಮುದ್ರ, ಊಟದ ಹೋಟೆಲು ಎಲ್ಲ ಒಂದೇ ಕಡೆ. ಗೋಪುರದಲ್ಲಿ ಲಿಫ್ಟ್ ಇದೆ, ಮೇಲೆ ಹೋಗಿ ಸಮುದ್ರ ನೋಡಬಹುದು. ಸಮುದ್ರದ ಪಕ್ಕದಲ್ಲೇ ಆರ್‌ಎನ್‌ಎಸ್ ರೆಸಿಡೆನ್ಸಿ ಇದೆ, ಆರ್.ಎನ್. ಶೆಟ್ಟರ ಬಳಗದ್ದು. ನಮ್ಮ ಹುಬ್ಬಳ್ಳಿಯ ಉಣಕಲ್ಲಿನ ನವೀನ್ ಹೋಟೆಲ್ ಕಟ್ಟಿದವರೂ ಅವರೇ, ಹಾಗಾಗಿ ಅರ್ಧ ನಮ್ಮೂರಿನ ಹೋಟೆಲೇ ಅನ್ನಿ. ಮುಂದಿನ ಸಾಲಿನ ರೂಮೇ ಕೇಳಿ. ಅಲ್ಲಿ ರಜೆಯ ದಿನ ಜಾತ್ರೆಯಷ್ಟು ಜನ ಇರುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಹೊರಗೆ ಬನ್ನಿ, ಎಂಟರವರೆಗೆ ಸಮುದ್ರ ನಿಮ್ಮದೇ.

ಹಾವೇರಿ ಮೇಲೆ ಶಿರಸಿ, ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಹೊನ್ನಾವರ ದಾಟಿ ಮುರುಡೇಶ್ವರ. ಘಟ್ಟದಲ್ಲಿ ರಸ್ತೆ ಕೆಲಸ, ಮಣ್ಣು ಕುಸಿತ ಅಂತ ಬಂದ್ ಆಗುವುದುಂಟು. ಹಿಂದಿನ ದಿನ ಶಿರಸಿಯಲ್ಲಿ ಯಾರಿಗಾದರೂ ಫೋನ್ ಮಾಡಿ ಕೇಳಿಯೇ ಗಾಡಿ ತೆಗೆಯಿರಿ. ರವಿವಾರ ಮಧ್ಯಾಹ್ನದ ಊಟ ಮುಗಿದ ಕೂಡಲೇ ಹೊರಟರೆ ಘಟ್ಟ ಬೆಳಕಿನಲ್ಲೇ ಹತ್ತುತ್ತೀರಿ.

ಪ್ರಶ್ನೆ: ಜುಲೈನಲ್ಲಿ ಗೋವಾದ ದೊಡ್ಡ ಚೈನ್ ಹೋಟೆಲುಗಳ ರೇಟು ಅರ್ಧಕ್ಕರ್ಧ ಇಳಿದಿರುತ್ತೆ. ಗೆಳೆಯರೆಲ್ಲ ಹೋಗೋಣ ಅಂತಿದಾರೆ. ಇದರಲ್ಲಿ ಏನಾದರೂ ಮೋಸ ಇದೆಯಾ?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೋಸ ಇಲ್ಲಪ್ಪಾ, ಮಳೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಕೆಂಪು ಬಾವುಟ ನೆಟ್ಟಿರುತ್ತಾರೆ, ಲೈಫ್‌ಗಾರ್ಡ್ ಸೀಟಿ ಊದಿ ಓಡಿಸುತ್ತಾನೆ. ಅವನ ಜೊತೆ ವಾದ ಮಾಡಬೇಡಿ. ಬೀಚಿನ ಮೇಲಿನ ಶ್ಯಾಕುಗಳನ್ನು, ಅಂದರೆ ಗುಡಿಸಲು ಹೋಟೆಲುಗಳನ್ನು, ಮಳೆಗಾಲಕ್ಕೆ ಬಿಚ್ಚಿಟ್ಟಿರುತ್ತಾರೆ. ಮೀನು ತಿನ್ನುವ ಆಸೆ ಇದ್ದರೆ ಇನ್ನೊಂದು ವಿಷಯ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಹೋಗುವ ಹಾಗಿಲ್ಲ, ಮೀನು ಮೊಟ್ಟೆ ಇಡುವ ಕಾಲ. ಆಗ ತಟ್ಟೆಗೆ ಬರುವುದರಲ್ಲಿ ಫ್ರೀಜರಿನಿಂದ ಎದ್ದು ಬಂದದ್ದೇ ಜಾಸ್ತಿ, ರೇಟು ಮಾತ್ರ ತಾಜಾ.

ದಾರಿಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದ ಜನ ಹೋದರು. ಅದೇ ವರ್ಷ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಅರಬೈಲ್ ಘಟ್ಟ, ಅನಮೋಡ ಘಟ್ಟ ಎರಡೂ ಮಳೆಗೆ ಹೆದರುವ ರಸ್ತೆಗಳೇ. ನನ್ನನ್ನು ಕೇಳಿದರೆ ಜುಲೈನಲ್ಲಿ ರೈಲು ಹತ್ತಿ. ಅಮರಾವತಿ ಎಕ್ಸ್‌ಪ್ರೆಸ್ ಗದಗ, ಹುಬ್ಬಳ್ಳಿ, ಧಾರವಾಡ ಮೇಲೆ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಮಡಗಾಂವ್, ವಾಸ್ಕೋಗೆ ಹೋಗುತ್ತದೆ, ವಾರದಲ್ಲಿ ಕೆಲವು ದಿನ ಮಾತ್ರ. ಆ ಸುರಿಯುವ ಮಳೆಯಲ್ಲಿ ದೂಧ್‌ಸಾಗರದ ಮುಂದೆ ರೈಲು ಹಾದು ಹೋಗುವಾಗ ಹನಿ ಕಿಟಕಿ ಒಳಗೆ ಬಂದು ಮುಖಕ್ಕೆ ಬಡಿಯುತ್ತದೆ. ಹೋಟೆಲ್ ಹೇಗಿದ್ದರೇನು ಅನ್ನಿಸುತ್ತದೆ ಆ ಹೊತ್ತಿಗೆ.

ಮಳೆಗಾಲಕ್ಕೆ ಹೋಗುವುದಾದರೆ ಬೀಚ್ ಎಷ್ಟು ಹತ್ತಿರ ಅಂತ ನೋಡಬೇಡಿ, ಹೋಟೆಲ್ ಒಳಗೆ ಏನಿದೆ ನೋಡಿ. ಇಡೀ ದಿನ ಒಳಗೇ ಇರಬೇಕಾಗಬಹುದು. ವಾಪಸ್ ಮಾಡಬಹುದಾದ ರೇಟನ್ನೇ ಹಿಡಿಯಿರಿ. ವಾಪಸ್ ಇಲ್ಲದ ಬುಕಿಂಗಿನಲ್ಲಿ ಕೆಲವು ನೂರು ಉಳಿಸಿ, ಘಟ್ಟ ಬಂದ್ ಆದ ದಿನ ಎಲ್ಲವನ್ನೂ ಕಳೆದುಕೊಂಡವರನ್ನು ಕಂಡಿದ್ದೇನೆ. ಆಧಾರ್‌ನಂಥ ಫೋಟೋ ಇರುವ ಗುರುತಿನ ಚೀಟಿ ಎಲ್ಲರದೂ ಬೇಕು, ಒಬ್ಬನದು ಸಾಲದು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಆಧಾರ್ ವೆಬ್‌ಸೈಟಿನಲ್ಲಿ ಸಿಗುತ್ತದೆ, ಆಧಾರ್ ಕೊಡುವುದಾದರೆ ಅದನ್ನೇ ಕೊಡಿ.

ಪ್ರಶ್ನೆ: ಸಮುದ್ರ ಗಿಮುದ್ರ ಬೇಡ. ಮಕ್ಕಳಿಗೆ ಈಜುಕೊಳ, ನಮಗೆ ಒಂದು ದಿನ ಅಡುಗೆಮನೆ ರಜೆ ಸಾಕು. ಹುಬ್ಬಳ್ಳಿಯಲ್ಲೇ ಒಂದು ರಾತ್ರಿ ಹೋಟೆಲಲ್ಲಿ ಇದ್ದು ಬರೋಣ ಅಂದ್ರೆ ಮನೇಲಿ ಎಲ್ಲ ನಗ್ತಾರೆ.
– ಬ್ಯಾಂಕ್ ಉದ್ಯೋಗಿ, ಸಪ್ತಾಪುರ, ಧಾರವಾಡ

ಉತ್ತರ: ನಗಲಿ ಬಿಡಿ ಅಕ್ಕಾ. ಈ ತಿಂಗಳು ಬಂದ ಪತ್ರಗಳಲ್ಲಿ ಅತಿ ಜಾಣತನದ್ದು ನಿಮ್ಮದೇ.

ಯಾಕೆ ಅಂತ ಹೇಳುತ್ತೇನೆ. ಬೀಚಿನ ಹೋಟೆಲು ಶುಕ್ರವಾರ, ಶನಿವಾರ ರಾತ್ರಿ ದುಬಾರಿ, ಸೋಮವಾರ ಅಗ್ಗ. ಊರ ಹೊರಗಿನ, ಆಫೀಸು ಕಾರ್ಖಾನೆ ಕಡೆಯ ಹೋಟೆಲು ಇದರ ಉಲ್ಟಾ. ಅಲ್ಲಿಗೆ ಬರುವವರು ಕಂಪನಿ ಕೆಲಸದವರು, ನನ್ನಂಥವರು. ಸೋಮವಾರದಿಂದ ಗುರುವಾರದವರೆಗೆ ತುಂಬಿರುತ್ತದೆ, ಶುಕ್ರವಾರ ಸಂಜೆ ಬ್ಯಾಗ್ ಎತ್ತಿಕೊಂಡು ಎಲ್ಲರೂ ಮನೆಗೆ. ಶನಿವಾರ ಖಾಲಿ ಲಾಬಿಯಲ್ಲಿ ಆ ರಿಸೆಪ್ಶನ್ ಹುಡುಗಿ ಒಬ್ಬಳೇ ಕೂತಿರುವುದನ್ನು ಎಷ್ಟು ಸಲ ನೋಡಿಲ್ಲ ನಾನು! ಆ ದಿನ ರೇಟು ಇಳಿಸುತ್ತಾರೆ, ಕೇಳಿದರೆ ಮಧ್ಯಾಹ್ನ ಎರಡರವರೆಗೆ ರೂಮು ಬಿಡದೆ ಇರಲೂ ಒಪ್ಪುತ್ತಾರೆ. ಹುಬ್ಬಳ್ಳಿ ಅಷ್ಟೇ ಅಲ್ಲ, ಬೆಂಗಳೂರಿಗೆ ಹೋದಾಗಲೂ ಇದೇ ಲೆಕ್ಕ. ವೈಟ್‌ಫೀಲ್ಡ್ ಕಡೆಯ ಚೈನ್ ಹೋಟೆಲು ಶನಿವಾರಕ್ಕೆ ನೋಡಿ. 2023ರ ಅಕ್ಟೋಬರಿನಿಂದ ನೇರಳೆ ಮೆಟ್ರೊ ಅಲ್ಲಿಂದ ಮೆಜೆಸ್ಟಿಕ್ ದಾಟಿ ಚಲ್ಲಘಟ್ಟದವರೆಗೆ ಒಂದೇ ಗಾಡಿ, ದೂರ ಅಂತ ಹೆದರಬೇಕಿಲ್ಲ.

ಎರಡು ಎಚ್ಚರಿಕೆ ಇವೆ. ಕೆಲವು ಹೋಟೆಲಿನವರು ಅದೇ ಊರಿನ ವಿಳಾಸದ ಆಧಾರ್ ಇದ್ದರೆ ರೂಮು ಕೊಡುವುದಿಲ್ಲ. ಸಣ್ಣ ಲಾಡ್ಜುಗಳಲ್ಲಿ ಇದು ಜಾಸ್ತಿ. ಅವಳಿ ನಗರ ಅಂತ ನಾವು ಹೆಮ್ಮೆಪಡುವುದು ಇಲ್ಲಿ ಕೈಕೊಡುತ್ತದೆ, ಧಾರವಾಡದ ಕಾರ್ಡು ನೋಡಿ 'ಲೋಕಲ್ ಇಲ್ಲ ಮೇಡಂ' ಅಂದುಬಿಡಬಹುದು. ಮೊದಲೇ ಫೋನ್ ಮಾಡಿ, ಗಂಡ ಹೆಂಡತಿ ಮಕ್ಕಳು ಬರ್ತಿದೀವಿ, ಊರವರೇ, ನಡೆಯುತ್ತಾ ಅಂತ ಕೇಳಿಕೊಳ್ಳಿ. ಇನ್ನೊಂದು, ಈಜುಕೊಳ ಇದೆ ಅಂತ ಫೋಟೋದಲ್ಲಿ ಇದ್ದರೆ ಸಾಲದು. ಇವತ್ತು ನೀರಿದೆಯಾ, ಮಕ್ಕಳನ್ನು ಎಷ್ಟು ಗಂಟೆಗೆ ಬಿಡುತ್ತಾರೆ, ನೈಲಾನ್ ಬಟ್ಟೆ ಕಡ್ಡಾಯವಾ, ಇಷ್ಟು ಕೇಳಿ. ಹತ್ತಿಯ ಚಡ್ಡಿ ಹಾಕಿಕೊಂಡು ಬಂದ ನಮ್ಮ ಅಣ್ಣನ ಮಗನನ್ನು ಒಮ್ಮೆ ದಂಡೆಯ ಮೇಲೇ ಕೂರಿಸಿದ್ದರು. ಆ ಹುಡುಗ ಎರಡು ತಾಸು ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದ, ಪಾಪ.

ಪ್ರಶ್ನೆ: ಆ್ಯಪಿನಲ್ಲಿ ನಾಲ್ಕು ಸ್ಟಾರ್ ಅಂತ ತೋರಿಸಿದ್ದನ್ನ ನಂಬಬಹುದಾ? ಆ್ಯಪಿನಲ್ಲೇ ಬುಕ್ ಮಾಡೋದಾ, ನೇರವಾಗಿ ಮಾಡೋದಾ?
– ಓದುಗರು, ರಾಣೆಬೆನ್ನೂರು

ಉತ್ತರ: ಸ್ಟಾರ್ ಅಂತ ಅಧಿಕೃತವಾಗಿ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ, ಅದೂ ಹೋಟೆಲಿನವರು ಅರ್ಜಿ ಹಾಕಿದರೆ ಮಾತ್ರ. ಐದು ವರ್ಷಕ್ಕೊಮ್ಮೆ ಮತ್ತೆ ಮಾಡಿಸಿಕೊಳ್ಳಬೇಕು. ಆ್ಯಪಿನಲ್ಲಿ ಕಾಣುವ ಸ್ಟಾರು ಬಹಳ ಸಲ ಆ್ಯಪಿನವರದೋ ಹೋಟೆಲಿನವರದೋ ಲೆಕ್ಕ. ಎರಡನ್ನೂ ಬೆರೆಸಬೇಡಿ.

ರೇಟನ್ನು ಆ್ಯಪಿನಲ್ಲಿ ನೋಡಿ, ಆಮೇಲೆ ಕಂಪನಿಯ ಸ್ವಂತ ವೆಬ್‌ಸೈಟ್ ನೋಡಿ. ದೊಡ್ಡ ಚೈನಿನವರಲ್ಲಿ ಮೆಂಬರ್ ಆಗಲು ದುಡ್ಡಿಲ್ಲ, ಆದ ತಕ್ಷಣ ರೇಟು ಸ್ವಲ್ಪ ಇಳಿಯುವುದುಂಟು. ನೇರವಾಗಿ ಬುಕ್ ಮಾಡಿದರೆ ದಿನಾಂಕ ಬದಲಾಯಿಸುವುದು ಸುಲಭ, 'ಆ್ಯಪಿನವರನ್ನು ಕೇಳಿ', 'ಹೋಟೆಲಿನವರನ್ನು ಕೇಳಿ' ಅಂತ ಇಬ್ಬರ ನಡುವೆ ಚೆಂಡಾಗುವುದು ತಪ್ಪುತ್ತದೆ. ಆ್ಯಪಿನಲ್ಲಿ ಕೂಪನ್ ಹಾಕಿ ಸಾವಿರ ಉಳಿಯುತ್ತದೆ ಅಂದರೆ ಅಲ್ಲೇ ಮಾಡಿ, ನಾನೂ ಮಾಡಿದ್ದೇನೆ.

ಪ್ರಶ್ನೆ: ನಮ್ಮ ತಾಯಿ ಮೀನು ಬೇಯಿಸಿದ ಕಡೆ ಊಟ ಮಾಡೋದಿಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದರೆ ಚೈನ್ ಹೋಟೆಲಿನವರು ಒಳಗೆ ಬಿಡ್ತಾರಾ?
– ಓದುಗರು, ಮುಂಡರಗಿ, ಗದಗ ಜಿಲ್ಲೆ

ಉತ್ತರ: ಬಿಡುತ್ತಾರೆ. ಅವರ ರೆಸ್ಟೋರೆಂಟಿನ ಮೇಜಿನ ಮೇಲೆ ಬಿಚ್ಚಬೇಡಿ, ಅಷ್ಟೇ. ರೂಮಿನಲ್ಲಿ ಕೂತು ತಿನ್ನಲು ಸಾಮಾನ್ಯವಾಗಿ ಯಾರೂ ಏನೂ ಅನ್ನುವುದಿಲ್ಲ. ರೂಮ್ ಸರ್ವೀಸಿಗೆ ಫೋನ್ ಮಾಡಿ ಒಂದು ಬಟ್ಟಲು ಮೊಸರು, ಹೆಚ್ಚಿದ ಉಳ್ಳಾಗಡ್ಡಿ, ಎರಡು ಖಾಲಿ ತಟ್ಟೆ ತರಿಸಿಕೊಳ್ಳಿ. ಕರಾವಳಿಯ ಹಸಿ ಗಾಳಿಗೆ ಕಟಕ್ ರೊಟ್ಟಿ ಮರುದಿನಕ್ಕೇ ಮೆತ್ತಗಾಗುತ್ತದೆ, ಬಟ್ಟೆಯಲ್ಲಿ ಕಟ್ಟದೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡು ಹೋಗಿ. ಮತ್ತೆ, ನಾಲ್ಕು ರೊಟ್ಟಿ ಜಾಸ್ತಿ ಇರಲಿ. ತಟ್ಟೆ ತಂದ ಹುಡುಗ ನಮ್ಮ ಕಡೆಯವನೇ ಆಗಿದ್ದರೆ ಬಾಗಿಲಲ್ಲೇ ನಿಂತು 'ಯಾವ ಊರ್ರಿ?' ಅಂತ ಕೇಳುತ್ತಾನೆ.